ದೇವರು ಒಲ್ಲದ ಹೂವು

೧೯೭೮ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸಿನಲ್ಲಿ ಎರಡನೇ ಸಲವೂ ಇಂಗ್ಲಿಷು, ಲೆಕ್ಕ ಎರಡೂ ಕೈಕೊಟ್ಟಿದ್ದವು. ಹೆಡ್‌ಮಾಸ್ತರರ ಮೇಜಿನ ಮುಂದೆ ಅಪ್ಪ ಕೈಕಟ್ಟಿ ನಿಂತಿದ್ದ. ಕಾರ್ಖಾನೆಯಲ್ಲಿ ಯಾವ ಇಂಜಿನಿಯರಿಗೂ ಕೈಕಟ್ಟದ ಮನುಷ್ಯ ನನ್ನ ದೆಸೆಯಿಂದ ಹಾಗೆ ನಿಂತದ್ದನ್ನು ನೋಡಲಾಗಲಿಲ್ಲ. "ಸಾಕು ನಡಿಯಪ್ಪಾ, ಹೋಗಣ" ಎಂದು ಅವನ ಷರಟಿನ ತುದಿ ಹಿಡಿದು ಎಳೆದವನು ನಾನೇ. ಆದ್ದರಿಂದ ಓದು ನನ್ನನ್ನು ಬಿಟ್ಟಿತು ಎಂದು ಯಾರಾದರೂ ಅಂದರೆ ಇವತ್ತಿಗೂ ಒಪ್ಪುವುದಿಲ್ಲ. ಬಿಟ್ಟವನು ನಾನು.

ಆಗಿನ ಪೀಣ್ಯ ಎಂದರೆ ಒಂದು ಶೆಡ್ಡು, ಅದರ ಪಕ್ಕ ರಾಗಿ ಹೊಲ, ಹೊಲದಾಚೆ ಇನ್ನೊಂದು ಶೆಡ್ಡು. ಲೇತ್ ಮಿಷನ್ನು ನಿಂತ ಗಳಿಗೆಯಲ್ಲಿ ಹೊಲದೊಳಗಿನ ಹಕ್ಕಿ ಕೂಗುವುದು ಕೇಳಿಸುತ್ತಿತ್ತು. ಬೆಳಿಗ್ಗೆ ಬಾಗಲಗುಂಟೆ ಕಡೆಯಿಂದ ಸೈಕಲ್ಲುಗಳು ಸಾಲುಗಟ್ಟಿ ಬರುತ್ತಿದ್ದವು. ನಾವಿದ್ದದ್ದು ಒಂದು ಸರ್ಕಾರಿ ಕಾರ್ಖಾನೆಯ ಕಾಲೊನಿಯಲ್ಲಿ. ಅಂಥ ಕಾಲೊನಿಗಳಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು, ಮುಂದೆ ಒಂದು ನಲ್ಲಿ, ಎರಡು ಮಂಚ ಹಾಕುವಷ್ಟು ಮಣ್ಣು, ಮಣ್ಣಿನ ಸುತ್ತ ಮೊಣಕಾಲೆತ್ತರದ ಬೇಲಿ. ಸೈರನ್ನು ಕೂಗಿದರೆ ಊಟ, ಸೈರನ್ನು ಕೂಗಿದರೆ ನಿದ್ದೆ. ಸಂಜೆ ಅಪ್ಪ ಬಾಗಿಲಲ್ಲಿ ಕಾಲಿಟ್ಟರೆ ಮಿಷನ್ನಿಗೆ ಸುರಿಯುವ ಕಟಿಂಗ್ ಆಯಿಲಿನ ವಾಸನೆ ಅವನಿಗಿಂತ ಮೊದಲು ಅಡಿಗೆಮನೆಗೆ ಹೋಗಿ ಹುರುಳಿಕಾಳಿನ ಸಾರಿನ ಘಮದ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು.

ಓದು ಬಿಟ್ಟ ಹುಡುಗನನ್ನು ಏನು ಮಾಡುವುದು ಎಂಬ ಮಾತು ಬಂದಾಗ ಅಮ್ಮನ ತಮ್ಮ ಗೋಪಾಲ ಮಾವ ಮುಂದೆ ಬಂದ. ಅವನದು ಪೀಣ್ಯದಲ್ಲೇ ನಿಕಲ್ ಪ್ಲೇಟಿಂಗ್ ಶೆಡ್ಡು; ಸೈಕಲ್ ಹ್ಯಾಂಡಲ್ಲು, ನಲ್ಲಿ ತಿರುಪುಗಳಿಗೆ ಫಳಫಳ ಹೊಳಪು ಕೊಡುವ ಕೆಲಸ. ಮಾವ ಕೆಟ್ಟವನಲ್ಲ. ಬಂದಾಗಲೆಲ್ಲ ಬೇಕರಿಯ ಖಾರ ಬನ್ನು ತರುತ್ತಿದ್ದ.

"ಅಕ್ಕಾ, ನನ್ ಹತ್ರ ಬಿಡು. ದಸರಾ ಕಳೀಲಿ, ವಿಜಯದಶಮಿ ದಿನಾನೇ ಕರ್ಕೊಂಡ್ ಹೋಗ್ತೀನಿ. ಒಳ್ಳೆ ದಿನ. ಐದು ವರ್ಷದಲ್ಲಿ ಇವನೇ ಒಂದು ಶೆಡ್ ಹಾಕ್ತಾನೆ ನೋಡ್ತಿರು."

ನಾನು ಒಮ್ಮೆ ಆ ಶೆಡ್ಡಿಗೆ ಹೋಗಿದ್ದೆ. ಬಾಗಿಲಲ್ಲೇ ಆಸಿಡ್ಡಿನ ಆವಿ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ತೊಟ್ಟಿಗಳ ಹಸಿರು ನೀರಿನಲ್ಲಿ ನನ್ನ ವಯಸ್ಸಿನ ಹುಡುಗರು ತಂತಿಗೆ ಕಟ್ಟಿದ ಸಾಮಾನು ಅದ್ದಿ ಅದ್ದಿ ತೆಗೆಯುತ್ತಿದ್ದರು. ಒಬ್ಬ ನನ್ನನ್ನು ನೋಡಿ ನಕ್ಕ. ಅವನ ಉಗುರುಗಳು ಹಳೇ ಅರಿಶಿನದ ಕೊಂಬಿನಂತಿದ್ದವು. ಕೆಲಸಕ್ಕೆ ಹೆದರುವವನು ನಾನಲ್ಲ. ಆದರೆ ಆ ವಾಸನೆಗೆ ಹೆದರಿದೆ. ಅಲ್ಲಿಂದ ಬಂದ ರಾತ್ರಿ ಅಮ್ಮ ಬಡಿಸಿದ ಮುದ್ದೆಯೂ ಆಸಿಡ್ಡಿನಂತೆಯೇ ನಾತ ಹೊಡೆಯಿತು.

ನನಗೆ ಇಷ್ಟವಾದ ಜಾಗ ಬೇರೆ ಇತ್ತು. ಕಾಲೊನಿಯ ನೀರಿನ ಟ್ಯಾಂಕಿನ ಹಿಂದೆ ಕಾರ್ಖಾನೆಯ ನರ್ಸರಿ. ಒದ್ದೆ ಮಣ್ಣು, ಕೊಳೆತ ಎಲೆ, ಕುರಿಗೊಬ್ಬರ ಮೂರೂ ಕಲೆತ ಒಂದು ಬೆಚ್ಚನೆಯ ವಾಸನೆ ಅಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನಂಜಪ್ಪ ಮೇಸ್ತ್ರಿ. ನರ್ಸರಿಗೆ ಒಬ್ಬ ಹುಡುಗನನ್ನು ಸೇರಿಸಿಕೊಳ್ಳುವ ಅಧಿಕಾರ ಅವರಿಗಿತ್ತು. ನಾನು ಹೋಗಿ ಬೇಲಿ ಹಿಡಿದು ನಿಂತೆ.

"ಏನ್ಲಾ?"

"ನನ್ನ ಸೇರಿಸ್ಕೊಳ್ಳಿ ಮೇಸ್ತ್ರಿ."

"ಇಸ್ಕೂಲು?"

"ಬಿಟ್ಟೆ."

ಅವರು ಬಾಯಲ್ಲಿದ್ದ ಕಡ್ಡಿಪುಡಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು. "ಮಾತು ಬ್ಯಾಡ. ನಿಮ್ಮನೆ ಮುಂದೆ ಊವ ಬೆಳ್ದು ತೋರ್ಸು. ಆಯುಧಪೂಜೆ ದಿನ ಬೆಳಿಗ್ಗೆ ತೋಟ ನೋಡಿ ಬಹುಮಾನ ಕೊಡಕ್ಕೆ ಕಮಿಟಿಯೋರು ಬತ್ತಾರೆ, ನಾನೂ ಜೊತೇಲಿರ್ತೀನಿ. ಅವತ್ತು ಗಿಡದ ಮ್ಯಾಲೆ ಊವ ಕಂಡ್ರೆ ನೀನು ನಮ್ಮೋನು. ಗಿಡದ ಮ್ಯಾಲೆ ಕಾಣ್ಬೇಕು, ತಿಳೀತಾ?"

ಹೂ ಗಿಡದ ಮೇಲಲ್ಲದೆ ಇನ್ನೆಲ್ಲಿ ಕಾಣುತ್ತದೆ ಎಂದುಕೊಂಡು ಓಡಿ ಬಂದೆ. ಹೀಗಾಗಿ ದಸರೆಗೆ ಎರಡು ಬಾಗಿಲು ತೆರೆದವು. ಹೂ ಬಂದರೆ ನರ್ಸರಿ, ಬರದಿದ್ದರೆ ಮಾವನ ತೊಟ್ಟಿ.

ಯಾವ ಹೂ ಹಾಕುವುದು ಎಂದು ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಅಪ್ಪನಿಗೆ ಡೇರೆ ಹೂ ಬೇಕಿತ್ತು, ದೊಡ್ಡ ಕ್ವಾರ್ಟರ್ಸಿನ ಆಫೀಸರುಗಳ ಮನೆಯಲ್ಲಿ ಇರುವಂಥದ್ದು. ಅಮ್ಮ, "ನೋಡೋಕೆ ಮಾತ್ರ ಚೆಂದ, ಮುಡಿಯೋಕಾಗುತ್ತಾ, ದೇವರ ತಲೆ ಮೇಲೆ ನಿಲ್ಲುತ್ತಾ? ಸೇವಂತಿಗೆ ಹಾಕೋ, ಚೆಂಡು ಹೂ ಹಾಕೋ" ಎಂದಳು. ಅಮ್ಮನ ಮಾತೇ ನಡೆಯಿತು. ಮೇಸ್ತ್ರಿ ಕೊಟ್ಟ ಆಸ್ಟರ್ ಸಸಿ ಒಂದು ಸಾಲು, ಸೇವಂತಿಗೆ ಒಂದು ಸಾಲು, ಅಂಚಿಗೆ ಚೆಂಡು ಹೂ, ಗೌರಿ ಹಬ್ಬಕ್ಕೆಂದು ಮೂಲೆಯಲ್ಲಿ ಕರ್ಣಕುಂಡಲ.

ಆಷಾಢದ ಗಾಳಿಯಲ್ಲಿ ನನ್ನ ಜೊತೆಯ ಹುಡುಗರು ಟ್ಯಾಂಕಿನ ಬಯಲಲ್ಲಿ ಗಾಳಿಪಟ ಬಿಟ್ಟರು, ಶ್ರಾವಣದಲ್ಲಿ ಬುಗುರಿ ಆಡಿದರು. ನಾನು ಕುರಿಗೊಬ್ಬರ ಹೊತ್ತೆ. ಕೈಗೆ ಯಾವಾಗಲೂ ಚೆಂಡು ಹೂವಿನ ಎಲೆಯ ಘಾಟು. ಅವರೆಲ್ಲ ಬೇಲಿಯ ಹೊರಗೆ ನಿಂತು, "ಏ ಬನ್ರೋ, ಹೂವಾಡಗಿತ್ತಿ ಗಿಡಕ್ಕೆ ನೀರ್ ಹಾಕ್ತಾವ್ಳೆ! ಅಕ್ಕಾ, ಮೊಳ ಎಷ್ಟಕ್ಕಾ?" ಎನ್ನುತ್ತಿದ್ದರು. ನಾನು ನೀರಿನ ಚೊಂಬು ಎತ್ತಿದರೆ ಚದುರುತ್ತಿದ್ದರು, ಚೊಂಬು ಇಳಿಸಿದರೆ ಮತ್ತೆ ಬರುತ್ತಿದ್ದರು.

ಗೌರಿ ಹಬ್ಬದ ಹಿಂದಿನ ದಿನ ಕರ್ಣಕುಂಡಲ ತುಂಬಿ ನಿಂತಿತ್ತು. ಆಸ್ಟರಿನಲ್ಲಿ ಮೊದಲ ನೇರಳೆ ಹೂಗಳು ಬಿರಿದಿದ್ದವು, ಚೆಂಡು ಹೂ ಅಂಚಿನುದ್ದಕ್ಕೂ ಅರಳಿತ್ತು. ರಾತ್ರಿ ಮಲಗುವಾಗ ಗೆದ್ದೆ ಎಂದುಕೊಂಡೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಬರೀ ಹಸಿರು. ಕೊಯ್ದ ತೊಟ್ಟುಗಳಲ್ಲಿ ಇನ್ನೂ ನೀರು ಜಿನುಗುತ್ತಿತ್ತು. ಸಾಲಿನ ಕೊನೆಯಲ್ಲಿ ಪದ್ಮಾ ಮಾಮಿ ಪ್ಲಾಸ್ಟಿಕ್ ವೈರಿನ ಬುಟ್ಟಿ ತೋಳಿಗೆ ಏರಿಸಿಕೊಂಡು ಹೋಗುತ್ತಿದ್ದರು. ಬುಟ್ಟಿಯಿಂದ ನನ್ನ ಆಸ್ಟರು ಇಣುಕಿ ನೋಡುತ್ತಿತ್ತು.

ಮಾಮಿ ನಮ್ಮಿಂದ ಮೂರನೇ ಮನೆಯವರು, ತಮಿಳು ಜನ. ಯಜಮಾನರು ಅಪ್ಪನ ಜೊತೆ ಟೂಲ್ ರೂಮಿನಲ್ಲಿದ್ದರು. ಕೋಳಿ ಕೂಗುವ ಮೊದಲೇ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ಲು ಸುತ್ತಿ, ಇಡೀ ಕಾಲೊನಿಯ ಹೂವನ್ನು ದೇವರಿಗೆ ತಲುಪಿಸುವ ಹೊಣೆ ಹೊತ್ತವರು. ಅವರೊಬ್ಬರೇ ಅಲ್ಲ, ಪ್ರತಿ ಸಾಲಿನಲ್ಲೂ ಇಬ್ಬರು ಮೂವರಿದ್ದರು. ಎಲ್ಲರಿಗಿಂತ ಬೇಗ ಏಳುತ್ತಿದ್ದವರು ಮಾತ್ರ ಮಾಮಿ.

"ಮಾಮೀ! ಅದು ನಮ್ಮನೆ ಹೂವು!"

"ಗೊತ್ತು ಕಣೋ. ಎಷ್ಟ್ ಚೆನ್ನಾಗ್ ಬೆಳ್ದಿದೀಯ! ಗೌರಿಗೆ ಇಡ್ತೀನಿ, ನಿನ್ ಹೆಸ್ರು ಹೇಳ್ತೀನಿ."

"ಕೇಳಿ ತಗೋಬಾರ್ದಾ ಮಾಮಿ?"

"ಕೇಳಿ ತಗೊಂಡ್ರೆ ಪುಣ್ಯ ಕೊಟ್ಟೋರಿಗೆ ಹೋಗುತ್ತೆ. ಕೇಳ್ದೆ ತಗೊಂಡ್ರೆ ನಮಗೇ ಉಳ್ಯತ್ತೆ. ಇದೂ ಗೊತ್ತಿಲ್ವಾ ನಿಂಗೆ, ಅಸಡು, ಪೆದ್ದು!"

ಅಮ್ಮನಿಗೆ ಹೇಳಿದರೆ, "ದೇವರಿಗೆ ತಾನೇ ಬಿಡು. ದೇವರ ಹೂವಿಗೆ ಬೇಡ ಅಂದ್ರೆ ಬಾಯಿ ಸೇದಿಹೋಗುತ್ತೆ" ಎಂದಳು. ಅವಳ ಮಡಿಲಲ್ಲೂ ನನ್ನ ಚೆಂಡು ಹೂವಿತ್ತು, ಮಾಮಿ ಬಿಟ್ಟು ಹೋದದ್ದು.

ಮೇಸ್ತ್ರಿ ಹೇಳಿದ ಮಾತು ಆಗ ಅರ್ಥವಾಯಿತು. ನಮ್ಮ ಕಾಲೊನಿಯಲ್ಲಿ ಹೂ ಬೆಳೆಯುವುದು ಕಷ್ಟವಲ್ಲ, ಗಿಡದ ಮೇಲೆ ಉಳಿಯುವುದು ಕಷ್ಟ. ಗೌರಿ ಹಬ್ಬಕ್ಕೇ ಹೀಗಾದರೆ ಆಯುಧಪೂಜೆಯ ಬೆಳಿಗ್ಗೆ? ಅವತ್ತು ದೇವರಿಗಷ್ಟೇ ಅಲ್ಲ, ಸೈಕಲ್ಲಿಗೆ ಹೂ, ಸ್ಕೂಟರಿಗೆ ಹೂ, ಹೊಲಿಗೆ ಮಿಷನ್ನಿಗೆ ಹೂ, ಕತ್ತರಿಗೆ, ಸುತ್ತಿಗೆಗೆ, ಕೊಡಲಿಗೆ ಹೂ. ಕಮಿಟಿ ಬರುವ ಹೊತ್ತಿಗೆ ಇಡೀ ಕಾಲೊನಿ ಬೋಳಾಗಿರುತ್ತದೆ. ದೊಡ್ಡ ಕ್ವಾರ್ಟರ್ಸಿನಲ್ಲಿ ಮಾತ್ರ ವಾಚ್‌ಮನ್ನು ಇದ್ದ, ಬಹುಮಾನವೂ ಪ್ರತಿ ವರ್ಷ ಅಲ್ಲಿಗೇ ಹೋಗುತ್ತಿತ್ತು.

ಬೇಲಿ ಎತ್ತರಿಸುವಂತಿಲ್ಲ, ಕಾಲೊನಿಯ ಕಾನೂನು. ಕಾವಲು ಕೂತರೆ ಅಮ್ಮನೇ ಎಬ್ಬಿಸಿ ಒಳಗೆ ಕಳಿಸುತ್ತಾಳೆ, ದೇವರ ಹೂವಿಗೆ ಅಡ್ಡ ಕೂರುವ ಮಗ ಅವಳಿಗೆ ಬೇಡ. ಉಳಿದದ್ದು ಒಂದೇ ದಾರಿ. ಯಾವ ದೇವರಿಗೂ ಬೇಡವಾದ, ಯಾರೂ ಮುಡಿಯದ, ಯಾರೂ ಕೀಳದ ಹೂ ಹುಡುಕಬೇಕು.

ಮನೆ ಮನೆಗೆ ಹೋಗಿ ಕೇಳಿದೆ. ನಿಮ್ಮ ದೇವರಿಗೆ ಯಾವ ಹೂ ಆಗಲ್ಲ? ಎದುರುಮನೆಯವರಿಗೆ ಕೋಳಿಜುಟ್ಟು ಆಗುವುದಿಲ್ಲ. ಅವರ ಪಕ್ಕದವರ ಹೊಸ್ತಿಲಿಗೆ ಕೋಳಿಜುಟ್ಟೇ ಬೇಕು. ಮೂಲೆಮನೆಯವರು ಕಣಗಲೆ ಮುಟ್ಟುವುದಿಲ್ಲ, ಹಾಲು ವಿಷವಂತೆ; ಹಿಂದಿನ ಸಾಲಿನಲ್ಲಿ ಕಣಗಲೆ ಇಲ್ಲದೆ ಶನಿವಾರ ಆಗುವುದೇ ಇಲ್ಲ. ಪದ್ಮಾ ಮಾಮಿ ಚೆಂಡು ಹೂವನ್ನು ಬಾಗಿಲಿಗೆ ಕಟ್ಟುತ್ತಾರೆ, ದೇವರಮನೆಯೊಳಗೆ ಬಿಡುವುದಿಲ್ಲ. "ಆ ಘಾಟಿಗೆ ಪೆರುಮಾಳ್‌ಗೆ ತಲೆನೋವು ಬರುತ್ತೆ." ಡೇರೆ ಹೂವಾದರೂ ಉಳಿಯುತ್ತದೆ ಎಂದುಕೊಂಡರೆ ಮೊದಲನೇ ಸಾಲಿನ ಟೀಚರು ದಿನಾ ಜಡೆಗೆ ಅದನ್ನೇ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಒಬ್ಬರ ಮನೆ ದೇವರು ತಳ್ಳಿದ ಹೂವನ್ನು ಪಕ್ಕದ ಮನೆ ದೇವರು ಕೈ ಚಾಚಿ ಎತ್ತಿಕೊಳ್ಳುತ್ತಿದ್ದ. ಇಷ್ಟು ಹೊಂದಿಕೊಂಡು ಬಾಳುವ ದೇವರುಗಳ ಮೇಲೆ ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಗದದ ಹೂವಿನ ಮುಳ್ಳುಬಳ್ಳಿ ಹಾಕಲೇ ಎಂದು ಮೇಸ್ತ್ರಿಯನ್ನು ಕೇಳಿದೆ. "ಅದು ಬೇಲಿ ಕಣ್ಲಾ, ತೋಟ ಅಲ್ಲ" ಎಂದು ಅಟ್ಟಿದರು.

ಹಾಗೆ ಸುತ್ತಿ ಸುತ್ತಿ ಒಂದು ಸಂಜೆ ಪಂಪ್‌ಹೌಸಿನ ಹಿಂದೆ ಕೂತಿದ್ದೆ. ಗೋಡೆಯ ಬುಡದಲ್ಲಿ, ಜಲ್ಲಿಕಲ್ಲಿನ ಸಂದಿಯಲ್ಲಿ, ಐದೆಸಳಿನ ಹೂ ತಾನೇ ತಾನಾಗಿ ಬೆಳೆದು ಹರಡಿತ್ತು. ಕೆಲವು ಗುಲಾಬಿ ಬಣ್ಣ, ಕೆಲವು ಬಿಳಿ, ಬಿಳಿಯದರ ನಡುವೆ ಕುಂಕುಮದ ಚುಕ್ಕೆ. ಪದ್ಮಾ ಮಾಮಿ ನೀರು ಯಾಕೆ ಬಂದಿಲ್ಲ ಎಂದು ಪಂಪಿನವನನ್ನು ಕೇಳಲು ಬಂದವರು ಅದರ ಪಕ್ಕದಲ್ಲೇ ನಿಂತರು. ಅವರ ಸೀರೆಯ ಅಂಚು ಹೂವಿಗೆ ತಾಗಿತು. ಕೂಡಲೇ ನೆರಿಗೆ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಈ ಹೂ ಯಾಕೆ ಕೀಳಲ್ಲ ಮಾಮಿ?"

"ಥೂ, ಅದನ್ನ ಯಾರಾದ್ರೂ ಮುಟ್ತಾರೇನೋ? ಸುಡುಗಾಡು ಮಲ್ಲಿ ಅದು. ಗೋರಿ ಮೇಲೆ ಬೆಳ್ಯೋದು. ನಮ್ಮಮ್ಮ ಅದ್ರ ಹೆಸ್ರು ಎತ್ತಿದ್ರೇ ಬಾಯಿ ತೊಳ್ಕೋ ಅಂತಿದ್ರು."

ಆ ಗಳಿಗೆ ಮಾಮಿಯ ಕಾಲಿಗೆ ಬೀಳಬೇಕು ಅನ್ನಿಸಿತು. ಮಾರನೇ ದಿನವೇ ಆಸ್ಟರ್, ಸೇವಂತಿಗೆ ಎಲ್ಲ ಕಿತ್ತು ಹಿತ್ತಲಿಗೆ ಹಾಕಿದೆ. ಪಂಪ್‌ಹೌಸಿನ ಹಿಂದಿನ ಗಿಡಗಳನ್ನು ಬೇರಿನ ಮಣ್ಣು ಬೀಳದಂತೆ ಗೋಣಿಚೀಲದಲ್ಲಿ ಹೊತ್ತು ತಂದು ನೆಟ್ಟೆ. ನಾಲ್ಕು ದಿನ ಬಾಡಿ ಮಲಗಿದವು. ಭಾದ್ರಪದದ ಮಳೆ ಒಂದು ರಾತ್ರಿ ಹಿಡಿದು ಸುರಿಯಿತು, ಎದ್ದು ಕೂತವು. ಆಮೇಲೆ ಅವು ನನ್ನನ್ನು ಏನೂ ಕೇಳಲಿಲ್ಲ. ಅಷ್ಟು ಸ್ವಾಭಿಮಾನದ ಗಿಡವನ್ನು ನಾನು ಇನ್ನೊಂದು ನೋಡಿಲ್ಲ.

ಮಾಮಿ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಏನ್ರೀ ಸುಶೀಲಾ, ಮನೆ ಮುಂದೆ ಸುಡುಗಾಡು ಮಾಡ್ಕೊಂಡಿದಾನಲ್ರೀ ನಿಮ್ಮ ಮಗ!"

ಅಮ್ಮನಿಗೆ ಅದು ಯಾವ ಹೂವೆಂದು ಗೊತ್ತಿರಲಿಲ್ಲ. ಅವಳ ತವರಿನ ಕಡೆ ಅದನ್ನು ಕಾಡುಗಿಡ ಎಂದು ಬಿಟ್ಟುಬಿಡುತ್ತಿದ್ದರು. ಹೆಸರು ಕೇಳಿ ಹೆದರಿ, "ಕಿತ್ ಹಾಕೋ ಮಗ, ಹಬ್ಬದ ಹೊತ್ತಲ್ಲಿ ಏನಿದು" ಎಂದಳು. ಆಗ ಅಪ್ಪ ಪೇಪರಿನಿಂದ ತಲೆ ಎತ್ತಿದ. "ದಸರಾ ತನಕ ಇರ್ಲಿ ಬಿಡೇ. ಅವನೂ ಯೋಚ್ನೆ ಮಾಡೇ ಹಾಕಿರೋದು." ಯೋಚನೆ ಮಾಡುತ್ತೇನೆ ಎಂದು ಅಪ್ಪ ನನ್ನ ಬಗ್ಗೆ ಹೇಳಿದ್ದು ಅದೇ ಮೊದಲು.

ಮಹಾಲಯ ಅಮಾವಾಸ್ಯೆ ಕಳೆಯುವ ಹೊತ್ತಿಗೆ ಮಣ್ಣು ಕಾಣದಂತೆ ಹೂವು. ಮಾಮಿ ನಮ್ಮ ಮನೆಯ ಮುಂದೆ ಬಂದಾಗ ರಸ್ತೆಯ ಆಚೆ ಬದಿಗೆ ಸರಿದು ನಡೆಯತೊಡಗಿದರು. ಅವರ ಮಾತು ಸಾಲಿನಿಂದ ಸಾಲಿಗೆ ಹಬ್ಬಿ, ಉಳಿದ ಬುಟ್ಟಿಯವರೂ ಹತ್ತಿರ ಸುಳಿಯಲಿಲ್ಲ. ಜೊತೆಯ ಹುಡುಗರು ಮಾತ್ರ, "ಏ ಮುನಿರಾಜು, ರಾತ್ರಿ ದೆವ್ವ ಬಂದು ನೀರ್ ಹಾಕ್ತಾವಂತೆ ಹೌದಾ ಗುರು?" ಎಂದು ಕೇಳಿ ಓಡುತ್ತಿದ್ದರು. ಓಡಲಿ. ಗಿಡದ ಮೇಲೆ ಹೂವಿತ್ತು.

ಹಬ್ಬದ ಹಿಂದಿನ ಸಂಜೆ ಆನೇಕಲ್ ಕಡೆಯ ನಮ್ಮ ಹಳ್ಳಿಯಿಂದ ಅಪ್ಪನ ತಾಯಿ, ನನ್ನ ಅಜ್ಜಿ, ಬಂದಿಳಿದಳು. ಅವಳ ಚೀಲದಲ್ಲಿ ಅವರೆಕಾಳು, ಹುರಿಗಡಲೆ, ಬಾಯಲ್ಲಿ ಎಲೆಯಡಿಕೆ. ಕತ್ತಲಾಗಿತ್ತು, ಅಂಗಳ ಕಾಣುತ್ತಿರಲಿಲ್ಲ. ಅವಳಿಗೆ ಕಮಿಟಿಯ ವಿಷಯ ಹೇಳಬೇಕು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಬೆಳಗಿನ ಜಾವ ಚಟ್ ಚಟ್ ಎಂಬ ಸದ್ದಿಗೆ ಎಚ್ಚರವಾಯಿತು. ಆ ಸದ್ದು ನನಗೆ ಗೊತ್ತಿತ್ತು. ಹೊರಗೆ ಓಡಿದೆ. ಮಂಜಿನಲ್ಲಿ ನನ್ನ ಹೂವಿನ ನಡುವೆ ಅಜ್ಜಿ ಬಗ್ಗಿ ನಿಂತಿದ್ದಳು. ಸೀರೆಯ ಮಡಿಲು ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು.

"ಅಜ್ಜೀ! ಏನ್ ಮಾಡ್ತಿದ್ದೀಯಾ!"

"ಏನ್ ಮಾಡ್ತಾರ್ಲಾ? ಊವ ಬಿಡಿಸ್ತಾ ಇವ್ನಿ. ನಿಮ್ಮಪ್ಪನ ಸೈಕಲ್ಗೆ, ಮಿಷನ್ಗೆ, ಈಳಿಗೆ ಮಣೆಗೆ. ಇಷ್ಟ್ ಊವ ಮಡೀಕೊಂಡು ಯಾರೂ ಬಿಡಿಸ್ದೆ ಬಿಟ್ಟವ್ರಲ್ಲ, ಸೋಂಬೇರಿಗಳು!"

"ಅದು ಸುಡುಗಾಡು ಮಲ್ಲಿ ಅಜ್ಜಿ! ಪೂಜೆಗೆ ಆಗಲ್ಲ!"

ಅಜ್ಜಿ ನೆಟ್ಟಗೆ ನಿಂತಳು. "ಯಾವ ಸುಡುಗಾಡ್ ನನ್ ಮಗ ಅಂದೋನು? ನಿತ್ಯಪುಷ್ಪ ಕಣ್ಲಾ ಇದು! ನಮ್ಮೂರ ಮಾರಮ್ಮಂಗೆ ವರ್ಸ ಪೂರ್ತಿ ಇದನ್ನೇ ಏರ್ಸೋದು!"

ಅಜ್ಜಿಯ ಗಂಟಲು ಹೊಲದಿಂದ ಹೊಲಕ್ಕೆ ಕೂಗುವ ಗಂಟಲು. ಇಡೀ ಸಾಲಿಗೆ ಕೇಳಿಸಿತು. ರಸ್ತೆಯ ಆಚೆ ಬದಿಯಲ್ಲಿ ಪದ್ಮಾ ಮಾಮಿ ನಿಂತಿದ್ದರು, ಬುಟ್ಟಿಯಲ್ಲಿ ನಾಲ್ಕೇ ನಾಲ್ಕು ದಾಸವಾಳ. ಅವತ್ತು ಬೇರೆ ಯಾರೋ ಅವರಿಗಿಂತ ಬೇಗ ಎದ್ದಿದ್ದರು. ಮಾಮಿ ಆ ಹಬ್ಬದಲ್ಲಿ ಮೊದಲ ಸಲ ರಸ್ತೆ ದಾಟಿ ನಮ್ಮ ಬೇಲಿಯ ಹತ್ತಿರ ಬಂದರು.

"ಏನಂದ್ರಿ ಅಜ್ಜಿ? ನಿತ್ಯಪುಷ್ಪಾನಾ? ಪೂಜೆಗೆ ಆಗುತ್ತಾ?"

"ಆಗ್ದೆ ಏನವ್ವಾ? ಕೆಂಪನೇದು ಅಮ್ಮಂಗೆ, ಬಿಳೇದು ಸಿವಂಗೆ. ಆಯುಧ ಅಂದ್ರೆ ಅಮ್ಮನ ಕೈಲಿರೋದು, ಅದಕ್ಕೇ ನಾನು ಕೆಂಪನೇದು ಬಿಡಿಸ್ಕೊಂಡೆ. ಬಿಳೇದು ಅಂಗೇ ಐತೆ. ಬಾ, ಬಿಡಿಸ್ಕೋ. ದೇವ್ರಿಗೆ ತಾನೆ!"

ಮಾಮಿ ಕೈ ಚಾಚಿದರು. ಮಾವನ ತೊಟ್ಟಿಯ ಹಸಿರು ನೀರು ನನ್ನ ಕಣ್ಣ ಮುಂದೆ ಬಂತು. ಬೇಡ ಅನ್ನಬೇಕು, ಬಾಯಿ ಬರಲಿಲ್ಲ. ಬಾಯಿ ಸೇದಿಹೋಗುತ್ತದೆ ಎಂದು ಅಮ್ಮ ಹೇಳಿದ್ದು ಬೇಡ ಎನ್ನುವ ಮೊದಲೇ ನಡೆದಂತಿತ್ತು. ಮಾಮಿಯ ಬೆರಳು ಒಂದು ಬಿಳಿ ಹೂವಿನ ತೊಟ್ಟನ್ನು ಹಿಡಿಯಿತು. ಹಿಡಿದುಕೊಂಡೇ ನಿಂತಿತು. ಆಮೇಲೆ ಮೆಲ್ಲಗೆ ಬಿಟ್ಟುಬಿಟ್ಟಿತು.

"ಇಲ್ಲ ಅಜ್ಜಿ. ನೀವ್ ಹೇಳೋದು ನಿಜಾನೇ ಇರ್ಬೋದು. ಆದ್ರೆ ನಮ್ಮಮ್ಮ ಹೇಳ್ಕೊಟ್ಟ ಹೆಸ್ರು ಕಿವಿಯಿಂದ ಹೋಗಲ್ಲ. ಮಂತ್ರ ಹೇಳೋವಾಗ ಅದೇ ನೆನಪಾಗುತ್ತೆ."

ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ನಾಲ್ಕು ದಾಸವಾಳದ ಬುಟ್ಟಿಯ ಜೊತೆ ಅವರು ಮನೆಗೆ ಹೋದರು. ನಾನು ಬೇಲಿಯ ಪಕ್ಕ ಮಣ್ಣಿನಲ್ಲೇ ಕೂತು ಬೆಳಕಿಗೆ ಕಾದೆ.

ಬೆಳಕು ಹರಿದ ಮೇಲೆ ನೋಡಿದೆ. ಅಜ್ಜಿ ಆರಿಸಿ ಆರಿಸಿ ಗುಲಾಬಿ ಬಣ್ಣದ್ದನ್ನಷ್ಟೇ ತೆಗೆದಿದ್ದಳು. ನಾನು ಕಂಡ ಕಂಡ ಹಾಗೆ ನೆಟ್ಟ ಗಿಡಗಳು. ನಿನ್ನೆಯವರೆಗೆ ಬಣ್ಣ ಕಲಸಿ ಚೆಲ್ಲಿದ ಹಾಗೆ ಕಾಣುತ್ತಿದ್ದದ್ದು, ಈಗ ಹಸಿರಿನ ಮೇಲೆ ಬರೀ ಬಿಳಿ, ಬಿಳಿಯ ಮಧ್ಯೆ ಕುಂಕುಮದ ಬೊಟ್ಟು. ಸೋಪು ಹಾಕಿ ಒಗೆದು ಹರಡಿದ ಹಾಗೆ ಇತ್ತು.

ಕಮಿಟಿ ಬಂತು. ಸಾಹೇಬರ ಹೆಂಡತಿ ರೇಷ್ಮೆ ಸೀರೆಯಲ್ಲಿ, ಯೂನಿಯನ್ನಿನವರೊಬ್ಬರು, ಹಿಂದೆ ನಂಜಪ್ಪ ಮೇಸ್ತ್ರಿ. ನಮ್ಮ ಸಾಲಿನುದ್ದಕ್ಕೂ ತೊಟ್ಟುಗಳನ್ನೇ ನೋಡಿಕೊಂಡು ಬಂದಿದ್ದರು. ನಮ್ಮ ಮನೆ ಮುಂದೆ ಮೇಡಂ ನಿಂತರು.

"ಬರೀ ಬಿಳಿ! ಎಷ್ಟು ತಂಪಾಗಿದೆ ಕಣ್ಣಿಗೆ. ಯಾರಪ್ಪಾ ಆರಿಸಿದ್ದು ಈ ಬಣ್ಣ?"

ನಾನು ಮೇಸ್ತ್ರಿಯ ಮುಖ ನೋಡಿದೆ. ದಿನಾ ಇದೇ ದಾರಿಯಲ್ಲಿ ಓಡಾಡುವವರು, ಹಿಂದಿನ ದಿನದವರೆಗೆ ಇಲ್ಲಿ ಎರಡು ಬಣ್ಣವಿದ್ದದ್ದು ಅವರಿಗೆ ಗೊತ್ತು. ಅವರ ಕಣ್ಣು ಹೂವಿನಿಂದ ಗೋಡೆಗೆ ಒರಗಿಸಿದ್ದ ಅಪ್ಪನ ಸೈಕಲ್ಲಿನ ಕಡೆ ಹೋಯಿತು. ಹ್ಯಾಂಡಲ್ಲಿನಿಂದ ಕ್ಯಾರಿಯರಿನವರೆಗೆ ಗುಲಾಬಿ ಹೂ, ಪಕ್ಕದಲ್ಲಿ ಇನ್ನೊಂದು ಮಾಲೆ ಕಟ್ಟುತ್ತ ಅಜ್ಜಿ. ಅವರು ಅಜ್ಜಿಯನ್ನು ನೋಡಿದರು, ಅಜ್ಜಿ ಅವರನ್ನು ನೋಡಿದಳು.

"ಮನೆಯೋರೆಲ್ಲ ಸೇರಿ ಆರ್ಸವ್ರೆ ಮೇಡಂ" ಎಂದರು ಮೇಸ್ತ್ರಿ.

ಬಹುಮಾನ ದೊಡ್ಡ ಕ್ವಾರ್ಟರ್ಸಿನ ಡೇರೆ ಹೂವಿಗೇ ಹೋಯಿತು. ಹೋಗಲಿ. ಉಳಿದವರು ಮುಂದೆ ನಡೆದ ಮೇಲೆ ಮೇಸ್ತ್ರಿ ಬೇಲಿಯ ಹತ್ತಿರ ವಾಪಸು ಬಂದು, "ಗಿಡದ ಮ್ಯಾಲೆ ಊವ ಐತೆ. ನಾಳೆ ಬೆಳಿಗ್ಗೆ ಸೈರನ್ಗೆ ನರ್ಸರಿ ಹತ್ರ ಇರ್ಬೇಕು. ತಡ ಮಾಡಿದ್ರೆ ಒದೀತೀನಿ" ಎಂದರು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿರಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು ಒಂದೇ ಉಸಿರಿಗೆ ಕುಡಿದೆ. ಎಷ್ಟು ದಿನದಿಂದ ಬಾಯಾರಿತ್ತೋ ಏನೋ.

ಮಧ್ಯಾಹ್ನ ಕಾರ್ಖಾನೆಗೆ ಹೋದೆವು. ಆಯುಧಪೂಜೆಯ ದಿನ ಮನೆಯವರೂ ಒಳಗೆ ಹೋಗಬಹುದಿತ್ತು. ಮಿಷನ್ನುಗಳೆಲ್ಲ ತೊಳೆದು ಒರೆಸಿಕೊಂಡು ಮೌನವಾಗಿ ನಿಂತಿದ್ದವು. ಕಟಿಂಗ್ ಆಯಿಲು, ಕರ್ಪೂರ, ಒಡೆದ ಬೂದುಗುಂಬಳದ ಹಸಿವಾಸನೆ, ಕಡ್ಲೆಪುರಿ. ಸುತ್ತ ಎಲ್ಲ ಮಿಷನ್ನಿಗೂ ಹಳದಿ ಹೂ, ಅಪ್ಪನದೊಂದಕ್ಕೆ ಮಾತ್ರ ಗುಲಾಬಿ. ಪಕ್ಕದ ಮಿಷನ್ನಿನವರು ಕೇಳಿದರು, "ಇದ್ಯಾವ ಹೂವಯ್ಯಾ, ಮಾರ್ಕೆಟ್ಟಲ್ಲಿ ಕಾಣ್ಲಿಲ್ಲ?"

"ಮಾರ್ಕೆಟ್ದಲ್ಲ. ನನ್ನ ಮಗ ಬೆಳ್ದಿದ್ದು" ಎಂದ ಅಪ್ಪ. ಕೈಕಟ್ಟಿರಲಿಲ್ಲ. ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದ.

ಮಾರನೇ ದಿನ ವಿಜಯದಶಮಿ. ಎಲ್ಲರ ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಕಿಯ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಹೊತ್ತಿಗೆ ನಾನು ನರ್ಸರಿಯಲ್ಲಿ ಕೆಮ್ಮಣ್ಣು ಜರಡಿ ಹಿಡಿಯುತ್ತಿದ್ದೆ. ಗೋಪಾಲ ಮಾವ ಖಾರ ಬನ್ನು, ನನಗೊಂದು ಹೊಸ ಖಾಕಿ ಚಡ್ಡಿ ಹಿಡಿದು ಬಂದನಂತೆ. "ಎಲ್ಲಿ ಹುಡುಗ?" ಎಂದು ಕೇಳಿದನಂತೆ. ಅಪ್ಪ ಬಾಗಿಲಲ್ಲೇ ಹೇಳಿದನಂತೆ, "ಅವ್ನು ಡ್ಯೂಟಿಗೆ ಹೋದ." ಅಮ್ಮ ಸಾಯುವವರೆಗೂ ಅಪ್ಪನ ದನಿಯಲ್ಲೇ ಅದನ್ನು ಹೇಳಿ ತೋರಿಸುತ್ತಿದ್ದಳು. ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಚಡ್ಡಿ ಕೊಟ್ಟೇ ಹೋದ. ಅದನ್ನೇ ಹಾಕಿಕೊಂಡು ಆ ವರ್ಷವೆಲ್ಲ ಮಣ್ಣು ಹೊತ್ತೆ.

ಆ ಕಾಲೊನಿಯ ಅರ್ಧ ಮನೆಗಳಿಗೆ ಈಗ ಬೀಗ. ಯಜಮಾನರು ರಿಟೈರಾದ ಮೇಲೆ ಮಾಮಿಯವರು ಮಗಳ ಊರಿಗೆ ಹೋದರು. ನಾನು ಮೇಸ್ತ್ರಿಯ ಕೈಕೆಳಗೆ ಕಲಿತು, ಆಮೇಲೆ ಸ್ವಂತ ನರ್ಸರಿ ಮಾಡಿದೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ, ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಗೆ ಗಿಡ ಹಾಕಿಕೊಡುತ್ತೇನೆ. ಮೊನ್ನೆ ಒಂದು ಅಪಾರ್ಟ್‌ಮೆಂಟಿನ ಸಂಘದವರು ಮಳೆಗಾಲ ಮುಗಿದ ಮೇಲೆ ಏನು ಹಾಕುತ್ತೀರಿ ಎಂದು ಕೇಳಿದರು. ಸೇವಂತಿಗೆಯಿಂದ ಶುರುಮಾಡಿ ಒಂದೊಂದೇ ಹೇಳಿದೆ. "ಹೂ ಬಿಡೋದು ಬೇಡ ಸಾರ್, ಉದುರಿ ಕಸ ಆಗುತ್ತೆ. ಬರೀ ಎಲೆ ಇರೋದು ಹಾಕಿ" ಎಂದರು. ಹಾಕಿದೆ, ಅದೇ ನನ್ನ ಕೆಲಸ. ಹೂ ಕದಿಯಲು ಕೋಳಿ ಕೂಗುವ ಮೊದಲು ಏಳುವವರಿದ್ದ ಊರು ಇದು. ಕದ್ದರೆ ಪುಣ್ಯ ಎಂದು ನಂಬಿದ್ದವರು, ಬೇಡ ಅಂದರೆ ಪಾಪ ಎಂದು ನಂಬಿದ್ದವರು ಒಂದೇ ಸಾಲಿನಲ್ಲಿ ಬಾಳಿದ ಊರು. ನಮ್ಮ ನರ್ಸರಿಗೆ ಬೇಲಿಯೇ ಹಾಕಿಲ್ಲ. ಒಂದು ಹೂವೂ ಕಡಿಮೆಯಾಗುವುದಿಲ್ಲ.

ಲೆಕ್ಕದಲ್ಲಿ ಫೇಲಾದವನು, ಆದರೂ ಇಷ್ಟು ಲೆಕ್ಕ ಬರುತ್ತದೆ. ಈಗ ನನಗಿರುವುದು ಗುತ್ತಿಗೆಗೆ ಹಿಡಿದ ಎರಡು ಎಕರೆ ನರ್ಸರಿ, ಒಂದು ಬೋರ್‌ವೆಲ್ಲು, ಒಂದು ಟೆಂಪೋ, ಕೆಲಸಕ್ಕೆ ಒಂಬತ್ತು ಜನ, ಸ್ವಂತ ಮನೆ ಒಂದು, ಹೆಂಡತಿ ಒಬ್ಬಳು, ಮಕ್ಕಳು ಇಬ್ಬರು, ಮೊಮ್ಮಗಳು ಒಬ್ಬಳು, ನೋಯುವ ಮಂಡಿ ಎರಡು, ನೋವಿಲ್ಲದ ಶ್ವಾಸಕೋಶ ಎರಡು.